ತೊಗರಿಯ ಒಂದು ಪಟ್ಟಿಯಿಂದ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಕಲಿಯುವ ಬಗೆ

ಕಲಬುರಗಿಯ ಎಪಿಎಂಸಿ ಯಾರ್ಡಿನಲ್ಲಿ ತೊಗರಿ ಮಾರಿದ ರೈತರಿಗೆ ಅಡತ್ (ಕಮಿಷನ್ ದಲ್ಲಾಳಿ) ಅಂಗಡಿಯಿಂದ ಸಿಗುವ ಪಟ್ಟಿಯೊಂದನ್ನು ಎದುರಿಗಿಟ್ಟುಕೊಳ್ಳಿ. ಅದರಲ್ಲಿ ರೈತರ ಹೆಸರು, ಊರು, ಒಂದೊಂದು ಚೀಲದ ತೂಕ, ಕ್ವಿಂಟಲಿನ ದರ ಇರುತ್ತವೆ, ಇವೆಲ್ಲ ಮಾಹಿತಿ. ಆ ಮಾಹಿತಿಯ ಜೊತೆಗೆ ಕೆಲವು ಕಟ್ಟಳೆಗಳೂ ಇರುತ್ತವೆ: ಒಟ್ಟು ತೂಕದಲ್ಲಿ ಖಾಲಿ ಚೀಲಗಳ ತೂಕವನ್ನು ಕಳೆಯಬೇಕು, ಉಳಿದದ್ದಕ್ಕೆ ಮಾತ್ರ ದರ ಹಾಕಬೇಕು, ಒಬ್ಬರ ಚೀಲ ಇನ್ನೊಬ್ಬರ ಪಟ್ಟಿಗೆ ಹೋಗಬಾರದು. ಮಾಹಿತಿಯನ್ನೂ ಅದಕ್ಕೆ ಸಂಬಂಧಿಸಿದ ಕಟ್ಟಳೆಗಳನ್ನೂ ಬೇರೆಬೇರೆ ಕಡೆ ಚೆಲ್ಲದೆ ಒಂದೇ ಕಡೆ ಕಟ್ಟಿಡುವ ಕ್ರಮವೇ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಖಾಲಿ ಪಟ್ಟಿಯ ನಮೂನೆ ಕ್ಲಾಸ್ ಆದರೆ, ಆಳಂದದ ರೈತರ ಹೆಸರಿನಲ್ಲಿ ತುಂಬಿದ ಪಟ್ಟಿ ಒಂದು ಆಬ್ಜೆಕ್ಟ್, ಜೇವರ್ಗಿಯ ರೈತರ ಹೆಸರಿನಲ್ಲಿ ತುಂಬಿದ್ದು ಮತ್ತೊಂದು ಆಬ್ಜೆಕ್ಟ್.

ಹೆಚ್ಚಿನ ಪಠ್ಯಗಳು ಎನ್‌ಕ್ಯಾಪ್ಸುಲೇಶನ್, ಅಬ್‌ಸ್ಟ್ರಾಕ್ಷನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ನಾಲ್ಕು ದೊಡ್ಡ ಪದಗಳ ವ್ಯಾಖ್ಯೆಯಿಂದ ಆರಂಭವಾಗುತ್ತವೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಅಂಕ ಪಡೆಯುತ್ತಾರೆ, ಆದರೆ ಖಾಲಿ ಫೈಲ್ ತೆರೆದು ಕೂತಾಗ ಮೊದಲ ಸಾಲು ಹೊಳೆಯುವುದಿಲ್ಲ. ಮೊದಲ ಎರಡು ವಾರ ಆ ಪದಗಳನ್ನು ಪಕ್ಕಕ್ಕಿಟ್ಟು, ನಿಮಗೆ ಕೈಯಿಂದ ಲೆಕ್ಕ ಮಾಡಿ ಗೊತ್ತಿರುವ ಒಂದೇ ವಸ್ತುವನ್ನು ಕ್ಲಾಸ್ ಆಗಿ ಬರೆಯಿರಿ ಎಂಬುದೇ ನನ್ನ ಸಲಹೆ. ಉತ್ತರ ಮೊದಲೇ ಗೊತ್ತಿದ್ದರೆ ಪ್ರೋಗ್ರಾಂ ಎಲ್ಲಿ ತಪ್ಪಿತೆಂಬುದನ್ನು ನೀವೇ ಕಂಡುಹಿಡಿಯಬಹುದು. ಇಷ್ಟಕ್ಕೆ ವೇರಿಯೇಬಲ್, ಇಫ್ ಷರತ್ತು, ಲೂಪ್, ಫಂಕ್ಷನ್, ಲಿಸ್ಟ್ ಎಂಬ ಐದು ವಿಷಯಗಳು ತಿಳಿದಿರಬೇಕು. ಇವು ತಿಳಿಯದೆ ಕ್ಲಾಸಿಗೆ ಕೈ ಹಾಕಿದರೆ ಎರಡು ತೊಡಕುಗಳು ಒಟ್ಟಿಗೇ ಮೈಮೇಲೆ ಬೀಳುತ್ತವೆ.

ಭಾಷೆಯ ಆಯ್ಕೆ

ಈ ಬಗೆಯ ಚಿಂತನೆ ಮೊದಲು ರೂಪ ಪಡೆದದ್ದು ನಾರ್ವೆಯ ಓಸ್ಲೋದಲ್ಲಿ, ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಅವರು 1960ರ ದಶಕದಲ್ಲಿ ಕಟ್ಟಿದ ಸಿಮುಲಾ ಭಾಷೆಯಲ್ಲಿ. ಹೆಸರೇ ಹೇಳುವಂತೆ ಅದು ಹೊರಗಿನ ಜಗತ್ತಿನ ಆಗುಹೋಗುಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಲು ಹುಟ್ಟಿದ್ದು. ತೂಕಕ್ಕಾಗಿ ಸಾಲುಗಟ್ಟಿದ ಲಾರಿಗಳಂಥ ದೃಶ್ಯವನ್ನು ಕೋಡಿನಲ್ಲಿ ಹಿಡಿಯುವುದಕ್ಕೆ ಹೇಳಿ ಮಾಡಿಸಿದ ಭಾಷೆ. ಅದರ ಪ್ರಭಾವದಿಂದ ಬೆಳೆದ ಸಿ ಪ್ಲಸ್ ಪ್ಲಸ್ 1985ರಲ್ಲಿ ಮಾರುಕಟ್ಟೆಗೆ ಬಂತು, 1991ರಲ್ಲಿ ಗೀಡೊ ವಾನ್ ರೋಸಮ್ ಪೈಥಾನನ್ನು ಹೊರತಂದರು, 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಪ್ರಕಟಿಸಿತು.

ಬಿಸಿಎ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವವರಿಗೆ ಜಾವಾ ಎದುರಾಗುವ ಸಾಧ್ಯತೆ ಹೆಚ್ಚು. ಆದರೂ ಮೊದಲ ಕ್ಲಾಸನ್ನು ಪೈಥಾನಿನಲ್ಲಿ ಬರೆಯುವುದೇ ಮೇಲು ಎಂದು ನನ್ನ ಅನುಭವ ಹೇಳುತ್ತದೆ, ಏಕೆಂದರೆ ಅಲ್ಲಿ ಕ್ಲಾಸಿನ ಸುತ್ತ ಬೇರೆ ಆಡಂಬರವಿಲ್ಲ. ಪಟ್ಟಿ ಸರಿಯಾಗಿ ನಡೆದ ಮೇಲೆ ಅದನ್ನೇ ಜಾವಾದಲ್ಲಿ ಮತ್ತೊಮ್ಮೆ ಬರೆದರೆ ಎರಡೂ ಭಾಷೆಗಳ ಸ್ವಭಾವ ಒಟ್ಟಿಗೇ ಮನದಟ್ಟಾಗುತ್ತದೆ.

ಪೈಥಾನನ್ನು ಪೈಥಾನ್ ಡಾಟ್ ಆರ್ಗ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ವಿಂಡೋಸಿನಲ್ಲಿ ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯ ಕೆಳಗೆ ಪೈಥಾನನ್ನು ಪಾತ್‌ಗೆ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಜಾಗಗಳ ಸಾಲಿಗೆ) ಸೇರಿಸಬೇಕೇ ಎಂದು ಕೇಳುವ ಸಣ್ಣ ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕುವುದನ್ನು ಮರೆತವರು ಆಮೇಲೆ ಪೈಥಾನ್ ಸಿಗುತ್ತಿಲ್ಲವೆಂಬ ಸಂದೇಶ ನೋಡುತ್ತ ಅರ್ಧ ದಿನ ಕಳೆಯುತ್ತಾರೆ. ಅಂಗಡಿಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ ಪೈಥಾನ್ 3.8ಕ್ಕಿಂತ ಹೊಸದು ಅದರಲ್ಲಿ ನಡೆಯುವುದಿಲ್ಲ, ಆದರೆ ಈ ಬರಹದ ಕೆಲಸಕ್ಕೆ 3.8 ಸಾಕು. ಹೊಸಬರಿಗೆಂದೇ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಥಾನಿ ಎಂಬ, ಕೋಡ್ ಬರೆದು ಓಡಿಸುವ ತಂತ್ರಾಂಶವಿದೆ. ಪೈಥಾನ್ ಅದರೊಳಗೇ ಬರುತ್ತದೆ, ವೇರಿಯೇಬಲ್‌ಗಳ ಮೌಲ್ಯವನ್ನು ಪಕ್ಕದ ಕಿಟಕಿಯಲ್ಲಿ ತೋರಿಸುತ್ತದೆ, ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಇಂಟರ್ನೆಟ್ ಬೇಡುವುದಿಲ್ಲ. ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಹಾಕಿಕೊಂಡು ಆರಂಭಿಸಬಹುದು. ಬೆರಳು ನೋಯುತ್ತದೆ, ಕೆಲಸ ನಿಲ್ಲುವುದಿಲ್ಲ.

ಹೆಸರುಗಳು ಕನ್ನಡದಲ್ಲಿ ಇರಲಿ

ಪೈಥಾನ್ 3ರಲ್ಲಿ ಕ್ಲಾಸ್, ಫಂಕ್ಷನ್, ವೇರಿಯೇಬಲ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದೆಂಬುದು ಹಲವರಿಗೆ ತಿಳಿದಿಲ್ಲ. ಭಾಷೆಯ ಸ್ವಂತ ಪದಗಳಾದ ಕ್ಲಾಸ್, ಡೆಫ್, ಇಫ್, ರೇಸ್, ರಿಟರ್ನ್ ಮತ್ತು ಅದು ಒದಗಿಸುವ ಇನಿಟ್, ಸಮ್, ಲೆನ್, ಅಪೆಂಡ್, ಪ್ರಿಂಟ್, ಸೂಪರ್, ವ್ಯಾಲ್ಯೂಎರರ್ ಮುಂತಾದವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಓದಿನ ಓಟಕ್ಕಾಗಿ ಇಲ್ಲಿ ಅವನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಪಟ್ಟಿ, ಊರು, ದರ, ಚೀಲಗಳು ಮುಂತಾದ ನಮ್ಮ ಹೆಸರುಗಳನ್ನು ಮಾತ್ರ ಕಂಡಂತೆಯೇ ಕನ್ನಡದಲ್ಲಿ ಟೈಪ್ ಮಾಡಬಹುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದರಿಂದ ಒಂದು ದೊಡ್ಡ ಅನುಕೂಲವಿದೆ: ಯಾವ ಪದ ಭಾಷೆಯದು, ಯಾವ ಪದ ತಾನು ಇಟ್ಟದ್ದು ಎಂಬುದು ಲಿಪಿಯಿಂದಲೇ ಗೊತ್ತಾಗುತ್ತದೆ.

ಇದರಲ್ಲಿ ಕೆಲವು ತೊಡಕುಗಳಿವೆ. ಕನ್ನಡ ಟೈಪ್ ಮಾಡಲು ನುಡಿಯಂಥ ತಂತ್ರಾಂಶ ಬಳಸುವವರು ಹಳೆಯ ಫಾಂಟ್ ಕ್ರಮವನ್ನು ಬಿಟ್ಟು ಯೂನಿಕೋಡ್ ಆಯ್ದುಕೊಳ್ಳಬೇಕು. ‘ಯಾರ್ಡ್‌ಗೆ’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯಲು ಕೀಬೋರ್ಡ್ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುತ್ತದೆ. ಹೆಸರಿನೊಳಗೆ ಅದು ಸೇರಿದರೆ ಪೈಥಾನ್ ಒಪ್ಪದೆ, ಅಚ್ಚಾಗದ ಅಕ್ಷರವೊಂದು ಇದೆ ಎಂದು ದೂರುತ್ತದೆ. ಆದ್ದರಿಂದ ಅಂಥ ಜೋಡಣೆ ಬೇಡದ ಹೆಸರುಗಳನ್ನೇ ಆರಿಸಿಕೊಳ್ಳಿ. ಕೋಡಿನಲ್ಲಿ ಅಂಕಿಗಳನ್ನು ಕನ್ನಡದಲ್ಲಿ ಬರೆದರೆ ನಡೆಯುವುದಿಲ್ಲ, ಆದರೆ ಬಳಕೆದಾರರು ೧೨೫ ಎಂದು ಟೈಪ್ ಮಾಡಿದ ಪಠ್ಯವನ್ನು ಇಂಟ್ ಫಂಕ್ಷನ್ನಿಗೆ ಕೊಟ್ಟರೆ ಅದು 125 ಎಂದೇ ಓದಿಕೊಳ್ಳುತ್ತದೆ. ವಿಂಡೋಸಿನ ಕಪ್ಪು ಕಮಾಂಡ್ ಪರದೆಯಲ್ಲಿ ಕನ್ನಡ ಬರೀ ಚೌಕಗಳಾಗಿ ಕಂಡರೆ ಗಾಬರಿ ಬೇಡ, ಅದು ಪರದೆಯ ದೋಷವೇ ಹೊರತು ಕೋಡಿನದಲ್ಲ.

ಮೊದಲ ಕ್ಲಾಸ್

ಕೆಳಗಿನ ಕೋಡಿನಲ್ಲಿ ರೈತರ ಹೆಸರಿನ ಬದಲು ಊರನ್ನೇ ಗುರುತಾಗಿ ಇಟ್ಟಿದ್ದೇನೆ, ಹಮಾಲಿ ಮೊದಲಾದ ಲೆಕ್ಕಗಳನ್ನು ಬೇಕೆಂದೇ ಬಿಟ್ಟಿದ್ದೇನೆ, ಖಾಲಿ ಚೀಲದ ತೂಕವನ್ನು 600 ಗ್ರಾಂ ಎಂದು ಹಿಡಿದಿದ್ದೇನೆ. ಒಳಸಾಲುಗಳನ್ನು ನಾಲ್ಕು ಖಾಲಿ ಜಾಗ ಬಿಟ್ಟು ಬರೆಯಬೇಕು. ಪೈಥಾನಿನಲ್ಲಿ ಈ ಜಾಗ ಅಲಂಕಾರವಲ್ಲ, ಯಾವ ಸಾಲು ಯಾವುದರೊಳಗಿದೆ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ.

ಕ್ಲಾಸ್ ಪಟ್ಟಿ:
    ಡೆಫ್ __ಇನಿಟ್__(ತಾನು, ಊರು, ದರ):
        ತಾನು.ಊರು = ಊರು
        ತಾನು.ದರ = ದರ
        ತಾನು.ಚೀಲಗಳು = []

    ಡೆಫ್ ಚೀಲ_ಸೇರಿಸು(ತಾನು, ಗ್ರಾಂ):
        ಇಫ್ ಗ್ರಾಂ <= 600:
            ರೇಸ್ ವ್ಯಾಲ್ಯೂಎರರ್("ತೂಕ ತಪ್ಪಾಗಿದೆ")
        ತಾನು.ಚೀಲಗಳು.ಅಪೆಂಡ್(ಗ್ರಾಂ)

    ಡೆಫ್ ನಿವ್ವಳ(ತಾನು):
        ರಿಟರ್ನ್ ಸಮ್(ತಾನು.ಚೀಲಗಳು) - 600 * ಲೆನ್(ತಾನು.ಚೀಲಗಳು)

    ಡೆಫ್ ಮೊತ್ತ(ತಾನು):
        ರಿಟರ್ನ್ ತಾನು.ನಿವ್ವಳ() * ತಾನು.ದರ // 1000

ಇದು ನಮೂನೆ ಮಾತ್ರ. ಇಷ್ಟನ್ನು ಓಡಿಸಿದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಪಟ್ಟಿಯೊಂದನ್ನು ತುಂಬಲು ಕ್ಲಾಸಿನ ಕೆಳಗೆ, ಎಡ ಅಂಚಿಗೆ ಹತ್ತಿಸಿ, ಹೀಗೆ ಬರೆಯಿರಿ:

ಆಳಂದ = ಪಟ್ಟಿ("ಆಳಂದ", 7400)
ಆಳಂದ.ಚೀಲ_ಸೇರಿಸು(52400)
ಆಳಂದ.ಚೀಲ_ಸೇರಿಸು(49800)
ಆಳಂದ.ಚೀಲ_ಸೇರಿಸು(51300)
ಪ್ರಿಂಟ್(ಆಳಂದ.ಮೊತ್ತ())

ಓಡಿಸುವ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಮೂರು ಚೀಲಗಳ ತೂಕ 153.5 ಕಿಲೋ, ಖಾಲಿ ಚೀಲಗಳದ್ದು 1.8 ಕಿಲೋ, ನಿವ್ವಳ 151.7 ಕಿಲೋ, ಅಂದರೆ 1.517 ಕ್ವಿಂಟಲ್. ಕ್ವಿಂಟಲಿಗೆ 7,400 ರೂಪಾಯಿಯಂತೆ 11,225 ರೂಪಾಯಿ 80 ಪೈಸೆ ಆಗುತ್ತದೆ. ಪ್ರೋಗ್ರಾಂ 1122580 ಎಂದು ತೋರಿಸುತ್ತದೆ. ಅದು ಪೈಸೆಯ ಲೆಕ್ಕ: ಒಂದು ಕ್ವಿಂಟಲ್ ಎಂದರೆ ಒಂದು ಲಕ್ಷ ಗ್ರಾಂ, ಒಂದು ರೂಪಾಯಿ ಎಂದರೆ ನೂರು ಪೈಸೆ, ಆದ್ದರಿಂದ ಗ್ರಾಂ ಮತ್ತು ದರದ ಗುಣಲಬ್ಧವನ್ನು 1000ದಿಂದ ಭಾಗಿಸಿದರೆ ಪೈಸೆ ಸಿಗುತ್ತದೆ.

ಕೋಡಿನ ಇನಿಟ್ ಎಂಬ ಭಾಗ ಹೊಸ ಪಟ್ಟಿ ಹುಟ್ಟುವಾಗ ಒಮ್ಮೆ ತಾನಾಗಿಯೇ ನಡೆಯುತ್ತದೆ. ಅದರ ಎರಡೂ ಬದಿಯಲ್ಲಿ ಎರಡೆರಡು ಅಡಿಗೆರೆಗಳಿವೆ. ಒಂದೊಂದೇ ಹಾಕಿದರೆ ಪೈಥಾನ್ ಅದನ್ನು ಸಾಮಾನ್ಯ ಫಂಕ್ಷನ್ ಎಂದು ತಿಳಿದು ಪಟ್ಟಿ ಹುಟ್ಟುವಾಗ ಕರೆಯುವುದೇ ಇಲ್ಲ.

‘ತಾನು’ ಎಂದರೆ ಯಾರು?

ಪೈಥಾನ್ ಪಠ್ಯಗಳಲ್ಲಿ ಈ ಜಾಗದಲ್ಲಿ ಸೆಲ್ಫ್ ಎಂಬ ಪದವಿರುತ್ತದೆ, ಮತ್ತು ಕಲಿಯುವವರು ಮುಗ್ಗರಿಸುವುದು ಇಲ್ಲಿಯೇ. ಸೆಲ್ಫ್ ಎಂಬುದು ಭಾಷೆಯ ಕಾಯ್ದಿಟ್ಟ ಪದವಲ್ಲ, ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದ ರೂಢಿ. ಮೊದಲ ಜಾಗದಲ್ಲಿ ಯಾವ ಹೆಸರಿದ್ದರೂ ನಡೆಯುತ್ತದೆ. ಕನ್ನಡದ ‘ತಾನು’ ಇದಕ್ಕೆ ಎಷ್ಟು ಸರಿಯಾಗಿ ಹೊಂದುತ್ತದೆ ಎಂದರೆ, ಅದನ್ನು ಒಮ್ಮೆ ಬಳಸಿ ಕಲಿತವರಿಗೆ ಬೇರೆ ವಿವರಣೆಯೇ ಬೇಡವಾಗುತ್ತದೆ. ‘ಅವರು ತಮ್ಮ ಹೊಲಕ್ಕೆ ಹೋದರು’ ಎಂದಾಗ ಆ ಹೊಲ ಹೋದವರದ್ದೇ ಆಗಿರುವಂತೆ, ‘ತಾನು.ದರ’ ಎಂದಾಗ ಆ ದರ ಯಾವ ಪಟ್ಟಿಯ ಮೂಲಕ ಕರೆ ಬಂದಿದೆಯೋ ಆ ಪಟ್ಟಿಯದ್ದೇ. ‘ತಾನು.ದರ = ದರ’ ಎಂಬ ಸಾಲನ್ನು ‘ಹೊರಗಿನಿಂದ ಬಂದ ದರವನ್ನು ತನ್ನ ದರವಾಗಿ ಇಟ್ಟುಕೋ’ ಎಂದು ಓದಿಕೊಳ್ಳಿ. ಇತರರ ಜೊತೆ ಸೇರಿ ಬರೆಯುವ ಕೋಡಿನಲ್ಲಿ ಮಾತ್ರ ಸೆಲ್ಫ್ ಎಂದೇ ಬರೆಯಬೇಕು, ಇಲ್ಲದಿದ್ದರೆ ಓದುವವರಿಗೆ ತೊಂದರೆ.

‘ಆಳಂದ.ಚೀಲ_ಸೇರಿಸು(52400)’ ಎಂದು ಬರೆದಾಗ ಪೈಥಾನ್ ಒಳಗೆ ಅದನ್ನು ‘ಪಟ್ಟಿ.ಚೀಲ_ಸೇರಿಸು(ಆಳಂದ, 52400)’ ಎಂದು ನಡೆಸುತ್ತದೆ. ನೀವು ಕೊಟ್ಟದ್ದು ಒಂದು ಮೌಲ್ಯ, ಒಳಗೆ ಹೋದದ್ದು ಎರಡು. ಡೆಫ್ ಸಾಲಿನಲ್ಲಿ ‘ತಾನು’ ಬರೆಯುವುದನ್ನು ಮರೆತರೆ, ಒಂದೇ ಮೌಲ್ಯ ಬೇಕಿದ್ದಲ್ಲಿ ಎರಡು ಕೊಡಲಾಗಿದೆ ಎಂಬ ಟೈಪ್ ಎರರ್ ಬರುವುದು ಇದೇ ಕಾರಣಕ್ಕೆ. ಒಂದೇ ಕೊಟ್ಟಿದ್ದೇನಲ್ಲ ಎಂದು ತಲೆ ಕೆರೆದುಕೊಳ್ಳುವ ಬದಲು ಡೆಫ್ ಸಾಲನ್ನು ನೋಡಿ.

ಕಿಲೋ ಏಕಿಲ್ಲ, ರೂಪಾಯಿ ಏಕಿಲ್ಲ?

ತೂಕವನ್ನು ಗ್ರಾಂನಲ್ಲೂ ಹಣವನ್ನು ಪೈಸೆಯಲ್ಲೂ ಇಟ್ಟದ್ದಕ್ಕೆ ಕಾರಣವಿದೆ. ಪೈಥಾನಿನಲ್ಲಿ 3 * 0.6 ಎಷ್ಟೆಂದು ಕೇಳಿ ನೋಡಿ, 1.8 ಬರುವುದಿಲ್ಲ, 1.7999999999999998 ಬರುತ್ತದೆ. ಇದು ಪೈಥಾನಿನ ತಪ್ಪಲ್ಲ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಆಧಾರದ ಭಿನ್ನರಾಶಿಯಾಗಿ ಇಟ್ಟುಕೊಳ್ಳುತ್ತದೆ. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಉದ್ದ ಬರೆದರೂ ಮುಗಿಯದಂತೆ, 0.6 ಆ ಆಧಾರದಲ್ಲಿ ಮುಗಿಯುವುದಿಲ್ಲ. ಪೂರ್ಣಾಂಕಗಳಿಗೆ ಈ ತೊಂದರೆ ಇಲ್ಲ. ಎರಡು ಓರೆಗೆರೆಗಳ ಭಾಗಾಕಾರ ಶೇಷವನ್ನು ಬಿಟ್ಟು ಪೂರ್ಣಾಂಕವನ್ನೇ ಕೊಡುತ್ತದೆ, ಹಾಗಾಗಿ ಬಿಟ್ಟುಹೋಗುವುದು ಪೈಸೆಯ ತುಣುಕು ಮಾತ್ರ. ರೂಪಾಯಿ ಮತ್ತು ಪೈಸೆಯಾಗಿ ಒಡೆಯುವ ಕೆಲಸವನ್ನು ಮುದ್ರಿಸುವಾಗ ಮಾಡಿದರೆ ಸಾಕು.

600 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕವನ್ನು ಒಪ್ಪದ ಷರತ್ತನ್ನೂ ಗಮನಿಸಿ. ಖಾಲಿ ಚೀಲಕ್ಕಿಂತ ಹಗುರವಾದ ತುಂಬಿದ ಚೀಲ ಇರಲಾರದು ಎಂಬುದು ಅದರ ನೇರ ಅರ್ಥ. ಬಳಕೆಯಲ್ಲಿ ಅದು ಹಿಡಿಯುವುದು ಇನ್ನೊಂದು ತಪ್ಪನ್ನು: ಕೈ ತಪ್ಪಿ ಯಾರಾದರೂ ಕಿಲೋದಲ್ಲಿ 52.4 ಎಂದು ಟೈಪ್ ಮಾಡಿದರೆ ರೇಸ್ ಸಾಲು ದೋಷ ತೋರಿಸಿ ಅದನ್ನು ಅಲ್ಲಿಯೇ ತಡೆಯುತ್ತದೆ. ತಪ್ಪು ಮಾಹಿತಿ ಒಳಗೆ ಬರುವ ಬಾಗಿಲಲ್ಲೇ ಕಾವಲಿಡುವ ಈ ಕ್ರಮವೂ ಸೇರಿದಂತೆ, ಮಾಹಿತಿಯನ್ನು ಅದರ ಕಟ್ಟಳೆಗಳ ಜೊತೆ ಕಟ್ಟಿ ಕಾಯುವುದಕ್ಕೆ ಪಠ್ಯಗಳಲ್ಲಿ ಎನ್‌ಕ್ಯಾಪ್ಸುಲೇಶನ್ ಎಂಬ ಹೆಸರು. ಮೊತ್ತವನ್ನು ಎಲ್ಲಿಯೂ ಬರೆದಿಡದೆ ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಮಾಡುವುದೂ ಅದೇ ಎಚ್ಚರದ ಭಾಗ. ಬರೆದಿಟ್ಟರೆ, ಚೀಲ ಸೇರಿಸಿ ಮೊತ್ತ ತಿದ್ದುವುದನ್ನು ಮರೆಯುವ ದಿನ ಬಂದೇ ಬರುತ್ತದೆ.

ಒಬ್ಬರ ಚೀಲ ಇನ್ನೊಬ್ಬರ ಪಟ್ಟಿಗೆ

ನಾನು ಕಲಿಯುತ್ತಿದ್ದಾಗ ಕಾಕಾ ಅವರ ಅಡತ್ ಅಂಗಡಿಯಲ್ಲಿ ಇಂಥದ್ದೇ ಪ್ರೋಗ್ರಾಂ ಬರೆದು, ಮುನೀಮರ ಕೈಬರಹದ ಲೆಕ್ಕದ ಪಕ್ಕದಲ್ಲಿ ಕುಳಿತು ಓಡಿಸುತ್ತಿದ್ದೆ. ಮೊದಲ ಪಟ್ಟಿ ಮುನೀಮರ ಲೆಕ್ಕಕ್ಕೆ ಪೈಸೆ ಪೈಸೆ ತಾಳೆಯಾಯಿತು. ಎರಡನೆಯದು ತಾಳೆಯಾಗಲಿಲ್ಲ. ನೆನಪಿನ ಅಂಕಿಗಳ ಬದಲು ಇಲ್ಲಿನ ಉದಾಹರಣೆಯಲ್ಲೇ ಹೇಳುವುದಾದರೆ, ಜೇವರ್ಗಿಯವರದ್ದು 50.2 ಮತ್ತು 51.9 ಕಿಲೋದ ಎರಡೇ ಚೀಲ, ದರ 7,350. ಬರಬೇಕಾದದ್ದು 7,416 ರೂಪಾಯಿ 15 ಪೈಸೆ, ನನ್ನ ಪ್ರೋಗ್ರಾಂ ಕೊಟ್ಟದ್ದು 18,566 ರೂಪಾಯಿ 10 ಪೈಸೆ. ಕಾಕಾ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿ, “ಯಾರ ಮಾಲು ಯಾರ ಹೆಸರಿಗೆ ಬಿತ್ತೋ ತಮ್ಮಾ ಇದು?” ಎಂದರು. ಕೋಡಿನ ದೋಷವನ್ನು ಅದಕ್ಕಿಂತ ಸರಿಯಾಗಿ ಯಾರೂ ಹೇಳಲಾರರು.

ಆಗ ನಾನು ಚೀಲಗಳ ಖಾಲಿ ಲಿಸ್ಟನ್ನು ಇನಿಟ್ ಒಳಗೆ ಇಡದೆ, ಕ್ಲಾಸಿನ ಹೆಸರಿನ ಕೆಳಗೇ ನೇರವಾಗಿ ‘ಚೀಲಗಳು = []’ ಎಂದು ಬರೆದಿದ್ದೆ. ಹಾಗೆ ಬರೆದದ್ದು ನಮೂನೆಯ ಆಸ್ತಿಯಾಗುತ್ತದೆ, ಯಾವ ಒಂದು ಪಟ್ಟಿಯದೂ ಅಲ್ಲ. ‘ತಾನು.ಚೀಲಗಳು’ ಎಂದು ಕೇಳಿದಾಗ ಪೈಥಾನ್ ಮೊದಲು ಆ ಪಟ್ಟಿಯೊಳಗೆ ಹುಡುಕುತ್ತದೆ, ಅಲ್ಲಿ ಸಿಗದಿದ್ದರೆ ಕ್ಲಾಸಿನಲ್ಲಿ ಹುಡುಕುತ್ತದೆ. ಎರಡೂ ಪಟ್ಟಿಗಳಿಗೆ ಸಿಕ್ಕಿದ್ದು ಕ್ಲಾಸಿನ ಒಂದೇ ಲಿಸ್ಟ್. ಆಳಂದದ ಮೂರು ಚೀಲ, ಜೇವರ್ಗಿಯ ಎರಡು ಚೀಲ ಅದೇ ಒಂದರಲ್ಲಿ ಹೋಗಿ ಬಿದ್ದವು. ಆಳಂದದ ಮೊತ್ತವನ್ನು ಮತ್ತೆ ಕೇಳಿದ್ದರೆ ಅದೂ ಐದು ಚೀಲಗಳದ್ದೇ ಆಗಿರುತ್ತಿತ್ತು. ನೀವೂ ಒಮ್ಮೆ ಬೇಕೆಂದೇ ಈ ತಪ್ಪು ಮಾಡಿ ನೋಡಿ. ಕ್ಲಾಸಿಗೂ ಆಬ್ಜೆಕ್ಟಿಗೂ ಇರುವ ಅಂತರ ಹತ್ತು ಪುಟದ ವ್ಯಾಖ್ಯೆಗಿಂತ ಈ ಒಂದು ಓಟದಲ್ಲಿ ಹೆಚ್ಚು ತಿಳಿಯುತ್ತದೆ. ಒಂದೇ ಪಟ್ಟಿಯಿಂದ ಪರೀಕ್ಷಿಸಿದರೆ ಈ ದೋಷ ಎಂದಿಗೂ ಕಾಣುವುದಿಲ್ಲ, ಆದ್ದರಿಂದ ಯಾವ ಕ್ಲಾಸ್ ಬರೆದರೂ ಕನಿಷ್ಠ ಎರಡು ಆಬ್ಜೆಕ್ಟ್ ಮಾಡಿ, ಒಂದನ್ನು ಮುಟ್ಟಿದಾಗ ಇನ್ನೊಂದು ಅಲುಗುತ್ತದೆಯೇ ಎಂದು ನೋಡಬೇಕು.

ಇದಕ್ಕೆ ಹತ್ತಿರದ ಇನ್ನೊಂದು ತಪ್ಪು ‘ಪ್ರತಿ = ಆಳಂದ’ ಎಂದು ಬರೆದು ನಕಲು ಸಿದ್ಧವಾಯಿತೆಂದು ತಿಳಿಯುವುದು. ಮನೆಯಲ್ಲಿ ಅಪ್ಪಾ ಎನಿಸಿಕೊಂಡವರೇ ಅಂಗಡಿಯಲ್ಲಿ ಸಾವುಕಾರ ಎನಿಸಿಕೊಂಡರೆ ಇಬ್ಬರು ಮನುಷ್ಯರಾಗುವುದಿಲ್ಲ. ಇದೂ ಹಾಗೆಯೇ, ಒಂದೇ ಆಬ್ಜೆಕ್ಟಿಗೆ ಎರಡು ಹೆಸರು. ‘ಪ್ರತಿ’ಗೆ ಚೀಲ ಸೇರಿಸಿದರೆ ಆಳಂದದ ಮೊತ್ತವೂ ಏರುತ್ತದೆ.

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ನೋಡಿಕೊಳ್ಳಬೇಕಾದದ್ದು ಅಲ್ಪಪ್ರಾಣ ಮಹಾಪ್ರಾಣಗಳನ್ನು. ದರ ಬದಲಾಯಿತೆಂದು ‘ಆಳಂದ.ಧರ = 7500’ ಎಂದು ಬರೆದರೆ ಪೈಥಾನ್ ತಕರಾರು ಮಾಡದೆ ‘ಧರ’ ಎಂಬ ಹೊಸ ಗುಣವನ್ನು (ಆಬ್ಜೆಕ್ಟಿನೊಳಗಿನ ಹೆಸರು, ಇಂಗ್ಲಿಷಿನಲ್ಲಿ ಆಟ್ರಿಬ್ಯೂಟ್) ಆ ಪಟ್ಟಿಗೆ ಅಂಟಿಸಿ ಸುಮ್ಮನಾಗುತ್ತದೆ, ಮೊತ್ತ ಮಾತ್ರ ಹಳೆಯ ದರದಲ್ಲೇ ಉಳಿಯುತ್ತದೆ. ಇಲ್ಲದ ಗುಣವನ್ನು ಓದಲು ಹೋದರೆ ಆಟ್ರಿಬ್ಯೂಟ್ ಎರರ್ ಬರುತ್ತದೆ, ಹೊಸದಾಗಿ ಬರೆದರೆ ಏನೂ ಬರುವುದಿಲ್ಲ. ಇಂಥ ಬದಲಾವಣೆಗಳಿಗೆ ‘ದರ_ತಿದ್ದು’ ಎಂಬ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಮಾಡಿಕೊಂಡು, ಹೊರಗಿನಿಂದ ಗುಣಗಳನ್ನು ನೇರವಾಗಿ ಮುಟ್ಟದಿರುವುದು ಒಳ್ಳೆಯದು: ಮೆಥಡ್ಡಿನ ಹೆಸರು ತಪ್ಪಾದರೆ ಪೈಥಾನ್ ಕೂಡಲೇ ಕೂಗುತ್ತದೆ.

ಬೆಂಬಲ ಬೆಲೆಯ ಪಟ್ಟಿ

ಇನ್‌ಹೆರಿಟೆನ್ಸ್ ಎಂದರೆ ತಾಯಿ ಕ್ಲಾಸಿನ ಗುಣ, ನಡವಳಿಕೆಗಳನ್ನು ಮರಿ ಕ್ಲಾಸ್ ಪಡೆಯುವುದು. ಅದನ್ನು ಕಲಿತ ಹುರುಪಿನಲ್ಲಿ ತೊಗರಿ ಪಟ್ಟಿ, ಹೆಸರುಕಾಳಿನ ಪಟ್ಟಿ, ಉದ್ದಿನ ಪಟ್ಟಿ ಎಂದು ಬೆಳೆಗೊಂದು ಕ್ಲಾಸ್ ಮಾಡುವವರನ್ನು ನೋಡಿದ್ದೇನೆ. ಅದು ಬೇಡ. ಲೆಕ್ಕದ ಕ್ರಮ ಒಂದೇ ಆಗಿದ್ದು ಕಾಳಿನ ಹೆಸರು ಮಾತ್ರ ಬೇರೆಯಾದರೆ, ‘ಬೆಳೆ’ ಎಂಬ ಇನ್ನೊಂದು ಗುಣ ಸಾಕು. ನಡವಳಿಕೆ ಬೇರೆಯಾದಾಗ ಮಾತ್ರ ಮರಿ ಕ್ಲಾಸ್ ಬೇಕು. ಸರ್ಕಾರದ ಖರೀದಿ ಕೇಂದ್ರದಲ್ಲಿ ದರ ಹರಾಜಿನಿಂದ ಬರುವುದಿಲ್ಲ, ಮೊದಲೇ ಘೋಷಣೆಯಾಗಿರುತ್ತದೆ. ಹಣ ಕೈಗೆ ಬರುವುದಿಲ್ಲ, ಖಾತೆಗೆ ಹೋಗುತ್ತದೆ. ಇಲ್ಲಿ ಮರಿ ಕ್ಲಾಸಿಗೆ ಅರ್ಥವಿದೆ:

ಕ್ಲಾಸ್ ಬೆಂಬಲ_ಪಟ್ಟಿ(ಪಟ್ಟಿ):
    ಬೆಂಬಲ_ಬೆಲೆ = 8000

    ಡೆಫ್ __ಇನಿಟ್__(ತಾನು, ಊರು):
        ಸೂಪರ್().__ಇನಿಟ್__(ಊರು, ಬೆಂಬಲ_ಪಟ್ಟಿ.ಬೆಂಬಲ_ಬೆಲೆ)

ಸೂಪರ್ ಇರುವ ಸಾಲು ತಾಯಿ ಕ್ಲಾಸಿನ ಇನಿಟ್ ಭಾಗವನ್ನು ಕರೆಯುತ್ತದೆ. ಚೀಲ ಸೇರಿಸುವುದು, ನಿವ್ವಳ, ಮೊತ್ತ ಎಲ್ಲವೂ ತಾಯಿ ಕ್ಲಾಸಿನಿಂದ ಹಾಗೆಯೇ ಬರುತ್ತವೆ. ಅದೇ ಮೂರು ಚೀಲಗಳಿಗೆ ಇದು 1213600 ಪೈಸೆ, ಅಂದರೆ 12,136 ರೂಪಾಯಿ ಎಂದು ಕೊಡುತ್ತದೆ.

ಚೀಲಗಳ ಲಿಸ್ಟನ್ನು ಕ್ಲಾಸಿನಲ್ಲಿ ಇಡಬಾರದೆಂದ ಮೇಲೆ ಬೆಂಬಲ ಬೆಲೆಯನ್ನು ಅಲ್ಲಿಯೇ ಇಟ್ಟದ್ದು ಏಕೆ? ಚೀಲಗಳು ಒಬ್ಬೊಬ್ಬರದ್ದು, ಬೆಂಬಲ ಬೆಲೆ ಎಲ್ಲರಿಗೂ ಒಂದೇ. ತೊಗರಿಗೆ ಕೇಂದ್ರ ಸರ್ಕಾರ ಘೋಷಿಸಿದ ಬೆಲೆ 2024-25ರಲ್ಲಿ ಕ್ವಿಂಟಲಿಗೆ 7,550 ರೂಪಾಯಿ, 2025-26ರಲ್ಲಿ 8,000 ರೂಪಾಯಿ; ಬದಲಾದಾಗ ಒಂದೇ ಸಾಲು ತಿದ್ದಿದರೆ ಮುಂದಿನ ಎಲ್ಲ ಪಟ್ಟಿಗಳಿಗೂ ತಲುಪುತ್ತದೆ. ಇದರಲ್ಲೊಂದು ಸೂಕ್ಷ್ಮವಿದೆ. ಮೊತ್ತ ಲೆಕ್ಕ ಮಾಡುವಾಗ ಕ್ಲಾಸಿನ ಬೆಲೆಯನ್ನೇ ನೇರವಾಗಿ ಓದಿದ್ದರೆ, 8,000 ಎಂದು ತಿದ್ದಿದ ಕ್ಷಣದಲ್ಲಿ ಅದರ ಹಿಂದಿನ ವರ್ಷ 7,550ಕ್ಕೆ ಮಾರಿದವರ ಪಟ್ಟಿಯ ಮೊತ್ತವೂ ಏರಿಬಿಡುತ್ತಿತ್ತು. ಪಟ್ಟಿ ಹುಟ್ಟುವಾಗಲೇ ಆ ದಿನದ ಬೆಲೆಯನ್ನು ತನ್ನ ದರವಾಗಿ ಬರೆದಿಟ್ಟುಕೊಳ್ಳುವುದರಿಂದ ಹಳೆಯದು ಹಳೆಯದಾಗಿಯೇ ಉಳಿಯುತ್ತದೆ. ಯಾವ ಬೆಲೆ ಹಂಚಿಕೊಂಡದ್ದು, ಯಾವುದು ಆ ದಿನಕ್ಕೆ ಗಟ್ಟಿಯಾದದ್ದು ಎಂಬ ಪ್ರಶ್ನೆಗೆ ಯಾವ ಭಾಷೆಯೂ ಉತ್ತರ ಕೊಡುವುದಿಲ್ಲ. ವ್ಯವಹಾರ ತಿಳಿದವರನ್ನು ಕೇಳಿಯೇ ಬರೆಯಬೇಕು.

ಎರಡೂ ಕ್ಲಾಸುಗಳಲ್ಲಿ ‘ಪಾವತಿ’ ಎಂಬ ಮೆಥಡ್ ಸೇರಿಸಿ, ಒಂದರಲ್ಲಿ ‘ಅಂಗಡಿಯಲ್ಲಿ’ ಎಂದೂ ಇನ್ನೊಂದರಲ್ಲಿ ‘ಖಾತೆಗೆ’ ಎಂದೂ ಉತ್ತರ ಬರುವಂತೆ ಮಾಡಿ. ಎರಡೂ ಬಗೆಯ ಪಟ್ಟಿಗಳನ್ನು ಒಂದೇ ಲಿಸ್ಟಿನಲ್ಲಿ ಹಾಕಿ ಲೂಪಿನಲ್ಲಿ ಒಂದೊಂದನ್ನೇ ‘ಪಾವತಿ’ ಕೇಳಿದರೆ ಪ್ರತಿಯೊಂದೂ ತನ್ನ ಬಗೆಯಂತೆ ಉತ್ತರಿಸುತ್ತದೆ. ಪಾಲಿಮಾರ್ಫಿಸಂ ಎಂದರೆ ಇಷ್ಟೇ.

ಚೀಲವನ್ನೂ ಒಂದು ಕ್ಲಾಸ್ ಮಾಡಬೇಕೇ ಎಂದು ಕೆಲವರು ಕೇಳುತ್ತಾರೆ. ಚೀಲದ ಬಗ್ಗೆ ನಿಮಗೆ ಬೇಕಾದದ್ದು ತೂಕ ಮಾತ್ರ ಆಗಿರುವವರೆಗೆ ಒಂದು ಸಂಖ್ಯೆ ಸಾಕು. ತೇವಾಂಶ, ಕಾಳಿನ ಗುಣಮಟ್ಟ, ಕಸದ ಪ್ರಮಾಣಗಳನ್ನೂ ಚೀಲಚೀಲಕ್ಕೆ ಬರೆದುಕೊಳ್ಳಬೇಕಾದಾಗ ಕ್ಲಾಸ್ ಮಾಡಿದರೆ ಸಾಕು, ಅದಕ್ಕೂ ಮೊದಲು ಬೇಡ.

ಅದೇ ಪಟ್ಟಿ ಜಾವಾದಲ್ಲಿ

ಜಾವಾಕ್ಕೆ ಹೋದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಬಿಗಿ. ಪಬ್ಲಿಕ್ ಎಂದು ಗುರುತಿಸಿದ ಕ್ಲಾಸಿನ ಹೆಸರೂ ಫೈಲಿನ ಹೆಸರೂ ಅಕ್ಷರಶಃ ಒಂದೇ ಆಗಿರಬೇಕು. ಜಾವಾ ಕೂಡ ಕನ್ನಡದ ಹೆಸರುಗಳನ್ನು ಒಪ್ಪುತ್ತದೆ, ಆದರೆ ಕನ್ನಡ ಹೆಸರಿನ ಫೈಲುಗಳು ಕೆಲವು ಕಂಪ್ಯೂಟರುಗಳಲ್ಲಿ ತೊಂದರೆ ಕೊಡುವುದರಿಂದ ಕ್ಲಾಸಿನ ಹೆಸರನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ. ದರ ಪೂರ್ಣಾಂಕವೇ, ಊರು ಪಠ್ಯವೇ ಎಂಬುದನ್ನು ಮೊದಲೇ ಘೋಷಿಸಬೇಕು. ಪೈಸೆಯ ಲೆಕ್ಕಕ್ಕೆ ಇಂಟ್ ಎಂಬ ಪೂರ್ಣಾಂಕದ ಬಗೆ ಸಾಲದು: ಅದರ ಮಿತಿ 214 ಕೋಟಿ ಚಿಲ್ಲರೆ, ಮತ್ತು ನಮ್ಮ ಮೂರು ಚೀಲಗಳ ಗ್ರಾಂ ಮತ್ತು ದರದ ಗುಣಲಬ್ಧವೇ 112 ಕೋಟಿ ದಾಟುತ್ತದೆ. ಆರು ಚೀಲಗಳಾದರೆ ಯಾವ ಎಚ್ಚರಿಕೆಯೂ ಇಲ್ಲದೆ ಮೊತ್ತ ಋಣಸಂಖ್ಯೆಯಾಗಿ ಬರಬಹುದು. ಇನ್ನೂ ದೊಡ್ಡ ಪೂರ್ಣಾಂಕ ಹಿಡಿಯುವ ಲಾಂಗ್ ಬಳಸಿ, ಪೈಥಾನಿನಲ್ಲಿ ಪೂರ್ಣಾಂಕಗಳಿಗೆ ಇಂಥ ಮಿತಿಯಿಲ್ಲ.

‘ತಾನು’ವಿನ ಜಾಗದಲ್ಲಿ ದಿಸ್ ಬರುತ್ತದೆ, ಅದನ್ನು ಆವರಣದೊಳಗೆ ಬರೆಯಬೇಕಾಗಿಲ್ಲ, ಹೊಸ ಆಬ್ಜೆಕ್ಟ್ ಮಾಡುವಾಗ ನ್ಯೂ ಎಂಬ ಪದ ಬೇಕು. ಇನಿಟ್ ಬದಲು ಕ್ಲಾಸಿನ ಹೆಸರನ್ನೇ ಹೊತ್ತ ಕನ್‌ಸ್ಟ್ರಕ್ಟರ್ ಇರುತ್ತದೆ. ದರದ ಮುಂದೆ ಪ್ರೈವೇಟ್ ಎಂದು ಬರೆದರೆ ಹೊರಗಿನ ಕ್ಲಾಸಿನಿಂದ ಯಾರೂ ಅದನ್ನು ಮುಟ್ಟಲಾರರು. ಪೈಥಾನಿನಲ್ಲಿ ಹೆಸರಿನ ಮುಂದೆ ಒಂದು ಅಡಿಗೆರೆ ಹಾಕಿ ‘ಇದನ್ನು ಮುಟ್ಟಬೇಡಿ’ ಎಂದು ಕೇಳಿಕೊಳ್ಳಬಹುದಷ್ಟೆ. ‘ಧರ’ ಎಂದು ತಪ್ಪಾಗಿ ಬರೆದರೆ ಜಾವಾ ಪ್ರೋಗ್ರಾಂ ಓಡುವುದಕ್ಕೂ ಮೊದಲೇ, ಕಂಪೈಲ್ ಮಾಡುವ ಹಂತದಲ್ಲಿಯೇ ನಿಲ್ಲಿಸಿ ಸಾಲಿನ ಸಂಖ್ಯೆ ತೋರಿಸುತ್ತದೆ. ಚೀಲಗಳ ಘೋಷಣೆಯ ಮುಂದೆ ಸ್ಟ್ಯಾಟಿಕ್ ಎಂಬ ಪದ ಸೇರಿಸಿ ಎರಡು ಪಟ್ಟಿ ಮಾಡಿ ನೋಡಿ: ಕಾಕಾ ಕೇಳಿದ ಪ್ರಶ್ನೆ ಜಾವಾದಲ್ಲಿಯೂ ಹಾಗೆಯೇ ಎದುರಾಗುತ್ತದೆ.